ಎರಡು ನಾಲ್ಕರ ಬಳೆ

ನನಗೆ ಸಂಶಯ ಹೆಚ್ಚು. ಹಾಲಿನ ಹನಿಯನ್ನು ಉಗುರಿನ ಮೇಲಿಟ್ಟು ನೋಡದೆ ಪಾತ್ರೆಗೆ ಹಾಕಿಸಿಕೊಳ್ಳುವವಳಲ್ಲ. ಶಹಾಬಾದಿನ ಗಂಡನ ಮನೆಯಲ್ಲಿ ಇದೊಂದು ತಮಾಷೆ; ಅತ್ತಿಗೆ ಪ್ರಸಾದವನ್ನೂ ಮೂಸಿಯೇ ತಿನ್ನುತ್ತಾಳೆ ಎಂದು ಮೈದುನ ಆಡಿಕೊಳ್ಳುತ್ತಾನೆ. ಇಂಥ ನಾನು ತಂಗಿಯ ಬಸಿರಿನ ತಪಾಸಣೆ ಬರೆದಿಡುವ ತಾಯಿ ಕಾರ್ಡನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದೆ.

ತಂಗಿಯನ್ನು ಸೇಡಂಗೆ ಕೊಟ್ಟಿದೆ. ಚೊಚ್ಚಲ ಬಸಿರೆಂದು ಮೂರನೇ ತಿಂಗಳಿಗೇ ತವರಿಗೆ ಬಂದಿದ್ದಳು. ತಿಂಗಳಿಗೊಮ್ಮೆ ಅವಳು ತಪಾಸಣೆಗೆ ಹೋಗುತ್ತಿದ್ದ ಆರೋಗ್ಯ ಕೇಂದ್ರ ಯಾವ ಊರಿನದೆಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಮಾತ್ರ ಹೀಗೆ ಎಂದು ಉಳಿದ ಊರಿನವರು ನಿಶ್ಚಿಂತರಾಗಿಬಿಡುತ್ತಾರೆ.

ಏಳನೇ ತಿಂಗಳಲ್ಲಿ ಕುಬಸ ಇಟ್ಟುಕೊಂಡೆವು. ಬಸುರಿಗೆ ಹಸಿರು ಬಳೆ ತೊಡಿಸಲು ವಾಡಿಯಿಂದ ಬಳೆಗಾರ್ತಿ ಚಾಚಿ ಬಂದಳು. ನಾವು ಅಕ್ಕತಂಗಿಯರು ಫ್ರಾಕು ಹಾಕುತ್ತಿದ್ದ ಕಾಲದಿಂದ ನಮಗೆ ಬಳೆ ಇಡುವವಳು ಅವಳೇ. ಬಂದ ಹೆಂಗಸರೆಲ್ಲ ತಂಗಿ ಮೈ ತುಂಬಿಕೊಂಡಿದ್ದಾಳೆ, ಮುಖ ದುಂಡಗಾಗಿದೆ ಎಂದು ಹೊಗಳುತ್ತಿದ್ದರು. ಅವಳು ಎರಡು ದಿನದಿಂದ ತಲೆನೋವು ಎನ್ನುತ್ತಿದ್ದಳು. ಜನರ ಗದ್ದಲಕ್ಕೆ ಇರಬೇಕೆಂದು ಅವ್ವ ಚಹಾ ಮಾಡಿಕೊಟ್ಟಿದ್ದಳು.

ಚಾಚಿ ಬಳೆ ಏರಿಸಲು ನೋಡಿದಳು, ಆಗಲಿಲ್ಲ. ಇನ್ನೂ ದೊಡ್ಡ ಅಳತೆಯದು ತೆಗೆದಳು, ಅದೂ ಗೆಣ್ಣಿನಲ್ಲೇ ನಿಂತಿತು. ತಂಗಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯಿತು.

"ಈ ಕೈ ನನಗ ಗುರ್ತದ ಯವ್ವಾ. ಪಂಚಮಿಗಿ ಎರಡು ನಾಲ್ಕರ ಬಳಿ ಇಟ್ಟೀನಿ. ಈಗ ಎರಡು ಎಂಟು ಬಿ ಏರವಲ್ದು. ಇದು ಮೈ ಬಂದದ್ದಲ್ಲ, ನೀರು ತುಂಬ್ಯಾದ. ದವಾಖಾನಿಗಿ ಕರಕೊಂಡು ಹೋಗ್ರಿ."

ನನ್ನ ಸಂಶಯ ಎದ್ದಿದ್ದು ಚಾಚಿಯ ಮೇಲೆ. ಅಳತೆ ತಪ್ಪಿ ತಂದು ತಪ್ಪನ್ನು ಬಸುರಿಯ ಕೈ ಮೇಲೆ ಹಾಕುತ್ತಿದ್ದಾಳೆ ಅಂದುಕೊಂಡೆ. ಒಳಗಿನಿಂದ ಕಾರ್ಡ್ ತಂದು ಎಲ್ಲರೆದುರು ಬಿಡಿಸಿ, ಮೊನ್ನೆಯಷ್ಟೇ ತಪಾಸಣೆ ಆಗಿದೆ, ಬಿಪಿ ನೂರಾ ಹತ್ತು ಎಪ್ಪತ್ತು ಎಂದು ಜೋರಾಗಿ ಓದಿದೆ. ಚಾಚಿಗೆ ಓದಲು ಬರುವುದಿಲ್ಲ. ಆದರೆ ಹಿಡಿದ ಕೈಯನ್ನು ಅವಳು ಬಿಡಲಿಲ್ಲ.

ಆಗ ತಂಗಿ ಮೆಲ್ಲಗೆ ಅಂದಳು: "ಅಕ್ಕಾ, ತೋಳಿಗಿ ಪಟ್ಟಿ ಕಟ್ಟೇ ಇಲ್ಲ. ಒಂದು ಸಲಾನೂ ಕಟ್ಟಿಲ್ಲ. ಆರಾಮ ಇದ್ದೀ ಇಲ್ಲೋ ಅಂತ ಕೇಳ್ತಾರ, ಹೂಂ ಅಂದ್ರ ಬರೀತಾರ."

ಕಾರ್ಡನ್ನು ಮತ್ತೆ ನೋಡಿದೆ. ಐದು ತಿಂಗಳು, ಐದು ಸಾಲು, ಎಲ್ಲದರಲ್ಲೂ ನೂರಾ ಹತ್ತು ಎಪ್ಪತ್ತು. ಆರತಿಯನ್ನು ಅಷ್ಟಕ್ಕೇ ಬಿಟ್ಟು ಜೀಪು ಹಿಡಿದು ಕಲಬುರಗಿಗೆ ಓಡಿದೆವು. ಅಲ್ಲಿ ಡಾಕ್ಟರಮ್ಮ ಪಟ್ಟಿ ಕಟ್ಟಿ ನೋಡಿ, ಬಿಚ್ಚಿ, ಇನ್ನೊಮ್ಮೆ ಕಟ್ಟಿದರು. ನೂರಾ ಎಪ್ಪತ್ತರ ಮೇಲಿತ್ತು. ಫಿಟ್ಸ್ ಬಂದಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದು ನಮ್ಮನ್ನೇ ಬೈದರು. ಕೆಲವು ದಿನ ಔಷಧಿಯಲ್ಲಿಟ್ಟು, ಕಡೆಗೆ ಹೊಟ್ಟೆ ಕೊಯ್ದು ಕೂಸು ತೆಗೆದರು. ಅಂಗೈಯಷ್ಟಗಲದ ಬೆನ್ನಿನ ಹೆಣ್ಣುಕೂಸು, ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತು. ತಂಗಿಯೂ ಬದುಕಿದಳು.

ಇಬ್ಬರೂ ಮನೆಗೆ ಬಂದ ಮೇಲೆ ಜಗಳವಾಡಲೆಂದೇ ಆ ಕೇಂದ್ರಕ್ಕೆ ಹೋದೆ. ನರ್ಸಬಾಯಿ ನನ್ನ ವಯಸ್ಸಿನವಳೇ. ಅವಳು ದನಿ ಎತ್ತಲಿಲ್ಲ.

"ಮಷಿನ್ ಕೆಟ್ಟು ಭಾಳ ದಿನ ಆತ್ರಿ. ಖಾಲಿ ಬಿಟ್ರ ಮೀಟಿಂಗ್‌ನ್ಯಾಗ ಯಾಕ ಬಿಟ್ಟಿ ಅಂತಾರ. ಬರದ್ರ ಯಾರೂ ಕೇಳಂಗಿಲ್ಲ."

ಅದನ್ನೂ ನಂಬಲಿಲ್ಲ. ತೋರಿಸೆಂದೆ. ಕಪಾಟಿನಿಂದ ತೆಗೆದು ಮುಂದಿಟ್ಟಳು. ಗಾಳಿ ಒತ್ತುವ ರಬ್ಬರ್ ಚೆಂಡು ಸೀಳಿ ಹೋಗಿತ್ತು, ಮೇಲೆ ಧೂಳು ಕುಳಿತಿತ್ತು. ತಂದ ಜಗಳ ಅರ್ಧ ಬಾಯಲ್ಲೇ ಉಳಿಯಿತು. ಆದರೂ ಅವಳನ್ನು ಕ್ಷಮಿಸಿಲ್ಲ.

ಮನೆಗೆ ಬಂದು ತವರಿನ ಟ್ರಂಕಿನ ತಳದಿಂದ ನನ್ನದೇ ಕಾರ್ಡ್ ಹುಡುಕಿ ತೆಗೆದೆ. ಅದು ನನ್ನ ಮೊದಲ ಬಸಿರಿನದು, ಅದೇ ಕೇಂದ್ರದ್ದು. ಎಂಟನೇ ತಿಂಗಳಿಗೆ ಹುಟ್ಟಿದ ಆ ಕೂಸು ಅಳಲೇ ಇಲ್ಲ. ಒಂಬತ್ತು ವರ್ಷದಿಂದ ನಾನು ಅತ್ತೆಯ ನಾಲಿಗೆಯ ಮೇಲೆ, ಪಕ್ಕದ ಮನೆಯವಳ ಕಣ್ಣಿನ ಮೇಲೆ, ಆಸೆಪಟ್ಟು ತಿಂದ ಒಂದು ಹೋಳು ಪಪ್ಪಾಯಿಯ ಮೇಲೆ ಸಂಶಯಪಟ್ಟಿದ್ದೆ. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆಯೇ.

ಕಾರ್ಡ್ ಬಿಡಿಸಿದೆ. ಎಲ್ಲ ಸಾಲಿನಲ್ಲೂ ನೂರಾ ಹತ್ತು ಎಪ್ಪತ್ತು.

ನನ್ನ ತೋಳಿಗೆ ಒಮ್ಮೆಯಾದರೂ ಪಟ್ಟಿ ಸುತ್ತಿದ್ದರೇ ಎಂದು ನೆನಪಿಸಿಕೊಳ್ಳುತ್ತ ಟ್ರಂಕಿನ ಮುಂದೆಯೇ ಕುಳಿತೆ. ಅದು ನೆನಪಾಗಲಿಲ್ಲ. ಆ ಕೊನೆಯ ವಾರ ಬಳೆಗಳು ಬಿಗಿಯಾದವೆಂದು ಬಚ್ಚಲಲ್ಲಿ ಕುಳಿತು ಸೋಪು ಹಚ್ಚಿ ಒಂದೊಂದಾಗಿ ತೆಗೆದದ್ದು ನೆನಪಾಯಿತು.