ಹುಣಸೆಹಣ್ಣಿನಲ್ಲಿ ತೊಳೆದ ಒಂದು ಸೆಂಟ್

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಡಾಲಸ್ ಪಕ್ಕದ ಕ್ಯಾರಲ್ಟನ್ನಿನ ಮನೆ ಬಿಟ್ಟೆ. ಕಾರಿನ ಹಿಂದಿನ ಸೀಟಿನಲ್ಲಿ ಮೆಟಲ್ ಡಿಟೆಕ್ಟರ್, ಕೈಸಲಿಕೆ, ಮೊಣಕಾಲಿಗೆ ಕಟ್ಟುವ ಪ್ಯಾಡು, ಮೂರು ದಿನಕ್ಕಾಗುವಷ್ಟು ಚಪಾತಿ ಇದ್ದವು. ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಪ್ಲೀಸ್, ನಾಟ್ ನಿಯರ್ ಮೈ ಸ್ಕೂಲ್" ಎಂದಳು.

"ನಿಮ್ಮ ಸ್ಕೂಲ್ ಹತ್ರ ಏನೂ ಸಿಗಲ್ಲ, ಹೆದರಬೇಡ," ಎಂದು ಹೇಳಿ ಗಾಡಿ ತೆಗೆದೆ.

ಹಳೆಯ ಪಾರ್ಕುಗಳ ನೆಲದಲ್ಲಿ ಹಳೆಯ ನಾಣ್ಯ ಹುಡುಕುವುದು ನನ್ನ ಹವ್ಯಾಸ. ನಮ್ಮದೊಂದು ಗುಂಪಿದೆ. ವರ್ಷಕ್ಕೊಮ್ಮೆ ಆಸ್ಟಿನ್ನಿನಲ್ಲಿ ಸೇರಿದಾಗ ಪ್ರತಿಯೊಬ್ಬರ ಒಂದು ಒಳ್ಳೆಯ ನಾಣ್ಯವನ್ನು ದೊಡ್ಡ ಬೋರ್ಡಿಗೆ ಏರಿಸುತ್ತಾರೆ. ಆ ಬೋರ್ಡು ಒಂದು ಲೈಬ್ರರಿಯ ಗೋಡೆಯ ಮೇಲೆ ವರ್ಷವಿಡೀ ಇರುತ್ತದೆ. ಆರು ವರ್ಷವಾದರೂ ನನ್ನದೊಂದೂ ಏರಿರಲಿಲ್ಲ. ನನಗೆ ಸಿಗುತ್ತಿದ್ದುದು ಸೋಡಾ ಕ್ಯಾನಿನ ಮುಚ್ಚಳಗಳೇ. ಗುಂಪಿನ ಗಂಡಸರು ನನಗೆ ಮುಚ್ಚಳದ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಅವರೊಡನೆ ನಗುತ್ತಿದ್ದೆ, ಆದರೆ ಒಳಗೊಳಗೆ ಉರಿಯುತ್ತಿತ್ತು. ಈ ಸಲದ ಕೂಟ ಭಾನುವಾರವಿತ್ತು. ಬೋರ್ಡಿನ ಮೇಲೆ ಈ ಸಲ ನನ್ನ ಹೆಸರು ಇರಲೇಬೇಕೆಂದು ಹಟ ತೊಟ್ಟೇ ಹೊರಟಿದ್ದೆ.

ಮೊದಲ ನಿಲುಗಡೆ ಡಾಲಸ್‌ನ ಒಂದು ಹಳೆಯ ಪಾರ್ಕು. ಎರಡು ಗಂಟೆ ಬೆನ್ನು ಬಗ್ಗಿಸಿದ್ದಕ್ಕೆ ಹನ್ನೊಂದು ಮುಚ್ಚಳ, ಒಂದು ಕೀಲಿಕೈ. ವಾಕಿಂಗ್ ಬಂದಿದ್ದ ನಮ್ಮ ಕಡೆಯ ಯುವಕನೊಬ್ಬ ನಿಂತು ಕೇಳಿದ: "ಏನ್ ಆಂಟಿ, ಏನಾದ್ರೂ ಕಳ್ಕೊಂಡ್ರಾ?"

"ಇಲ್ಲಪ್ಪ, ಬೇರೆಯವ್ರು ಕಳ್ಕೊಂಡಿದ್ದನ್ನ ಹುಡುಕ್ತಿದೀನಿ."

ಅವನಿಗೆ ನನ್ನ ಮೇಲೆ ಕನಿಕರ ಬಂದದ್ದು ಮುಖದಲ್ಲೇ ಕಂಡಿತು. ಬರಲಿ ಬಿಡಿ. ಅವನು ಸುತ್ತು ಹೊಡೆಯುವ ದಾರಿಯಲ್ಲಿ ಅವನಿಗೇನೂ ಸಿಗುವುದಿಲ್ಲ, ನನಗೆ ಕೀಲಿಕೈಯಾದರೂ ಸಿಕ್ಕಿತ್ತು.

ಮಧ್ಯಾಹ್ನ ಹೊರಟು, ನಾಲ್ಕೂವರೆ ಗಂಟೆ ಡ್ರೈವ್ ಮಾಡಿ, ಹೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿ ತಲುಪಿದೆ. ಅಲ್ಲಿ ಗುಂಪಿನ ಗೆಳೆಯ ಕುಲಕರ್ಣಿಯವರ ಮನೆ. ವಿಜಯಪುರದವರು, ಟೈರ್ ಅಂಗಡಿ ಇಟ್ಟಿದ್ದಾರೆ. ಅವರ ಹೆಂಡತಿ ಸುಮಂಗಲಾ ಬಿಸಿ ಬಿಸಿ ಜೋಳದ ರೊಟ್ಟಿ ಬಡಿದು ಹಾಕಿದರು. ನನ್ನ ಚಪಾತಿ ಡಬ್ಬಿ ತೆರೆಯುವ ಪ್ರಸಂಗವೇ ಬರಲಿಲ್ಲ.

ಶನಿವಾರ ಏಳಕ್ಕೆಲ್ಲ ಹೂಸ್ಟನ್ನಿನ ಪಾರ್ಕಿನಲ್ಲಿದ್ದೆವು. ಪಾರ್ಕಿನಿಂದ ಪಾರ್ಕಿಗೆ ನಿಯಮ ಬೇರೆ. ಕುಲಕರ್ಣಿಯವರು ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರು. ಆ ಹೊತ್ತಿಗೇ ಬಟ್ಟೆ ಮೈಗೆ ಅಂಟುವಷ್ಟು ಸೆಕೆ. ಮುದಿ ಓಕ್ ಮರವೊಂದರ ಬುಡದಲ್ಲಿ ಯಂತ್ರ ಸಣ್ಣಗೆ, ಆದರೆ ಒಂದೇ ಸಮ ಕೂಗಿತು. ಹುಲ್ಲನ್ನು ಮೂರು ಕಡೆ ಕೊಯ್ದು ಪುಟದಂತೆ ಮಗುಚಿದೆ. ಮಣ್ಣನ್ನು ಟವೆಲ್ಲಿನ ಮೇಲೆ ಸುರಿದುಕೊಂಡೆ, ಕೆಲಸ ಮುಗಿದ ಮೇಲೆ ಗುಂಡಿಯ ಗುರುತೂ ಉಳಿಯಬಾರದು. ಗೇಣುದ್ದ ಆಳದಲ್ಲಿ ಕಡುಹಸಿರು ಬಿಲ್ಲೆಯೊಂದು ಬಂತು. ಗರಿಗಳ ಕಿರೀಟ ತೊಟ್ಟ ಹೆಣ್ಣಿನ ಮುಖ, ಅದರ ಕೆಳಗೆ ಇಸವಿ. ನೂರು ವರ್ಷ ದಾಟಿದ ತಾಮ್ರದ ಒಂದು ಸೆಂಟ್!

ನನಗೆ ಕಣ್ಣಲ್ಲಿ ನೀರೇ ಬಂತು. ಕುಲಕರ್ಣಿಯವರಂತೂ ಕುಣಿದಾಡಿಬಿಟ್ಟರು. "ಬೋರ್ಡ್ ಹತ್ತಿದ್ರಿ ಅಕ್ಕಾರ, ಇನ್ನ ಯಾರೂ ನಿಮಗ ಮುಚ್ಚಳ ಅನ್ನಂಗಿಲ್ಲ!"

ಆ ಮಧ್ಯಾಹ್ನವೇ ಎಡವಟ್ಟಾಯಿತು. ಸುಮಂಗಲಾ ಸೋಮವಾರದ ಪೂಜೆಗೆಂದು ತಾಮ್ರದ ತಂಬಿಗೆ, ಹರಿವಾಣ, ಪಂಚಪಾತ್ರೆಗಳನ್ನು ಸಿಂಕಿನ ಪಕ್ಕ ಹರಡಿಕೊಂಡು ತೊಳೆಯುತ್ತಿದ್ದರು. ಮಾತಾಡುತ್ತಾ ನಾನೂ ಕೈ ಹಾಕಿದೆ. ತಂಬಿಗೆ ಆಯಿತು, ಹರಿವಾಣ ಆಯಿತು. ಮಣ್ಣು ಮೆತ್ತಿದ ನನ್ನ ಸೆಂಟ್ ಕಿಟಕಿಯ ಬಳಿ ಕಾಗದದ ಮೇಲಿತ್ತು. ಮೈಸೂರಿನಲ್ಲಿ ಹತ್ತು ವರ್ಷದವಳಾಗಿದ್ದಾಗಿನಿಂದ ತಾಮ್ರ ಕಂಡರೆ ಹುಣಸೆಹಣ್ಣು, ಉಪ್ಪು ಹಚ್ಚಿದ ಕೈ ಇದು, ಯೋಚನೆಗೆ ಕಾಯಲಿಲ್ಲ. ತಿಕ್ಕಿ, ತೊಳೆದು, ಸೆರಗಿಲ್ಲದ್ದಕ್ಕೆ ಟೀ ಶರ್ಟಿಗೆ ಒರೆಸಿಯೂ ಆಯಿತು. ನಾಣ್ಯ ಪಳಪಳ ಹೊಳೆಯುತ್ತಿತ್ತು. ನೂರು ವರ್ಷ ಮಣ್ಣು ಕೊಟ್ಟಿದ್ದ ಬಣ್ಣ ಎರಡು ನಿಮಿಷದಲ್ಲಿ ಸಿಂಕಿಗೆ ಹೋಗಿತ್ತು.

ಕುಲಕರ್ಣಿಯವರು ತಲೆ ಮೇಲೆ ಕೈ ಹೊತ್ತು ಕೂತರು. "ಅಯ್ಯಯ್ಯ ಅಕ್ಕಾರ, ಏನ್ ಮಾಡಿದ್ರಿ ಇದು! ಹಳೇ ನಾಣ್ಯ ತಿಕ್ಕಬಾರದ್ರಿ, ತಿಕ್ಕಿದ್ರ ಅದರ ಬೆಲಿನ ಹೋಗ್ತದ!"

ಗೊತ್ತಿಲ್ಲದ ಮಾತೇನಲ್ಲ. ಹೊಸಬರಿಗೆ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೇನೆ! ತಪ್ಪು ನನ್ನದೇ. ಸ್ವಲ್ಪ ಹೊತ್ತಿಗೆ ಕುಲಕರ್ಣಿಯವರು ಒಳಗಿನಿಂದ ಕಂದು ಬಣ್ಣದ ಅಂಥದ್ದೇ ನಾಣ್ಯ ತಂದು, "ಇದನ್ನ ನಿಮ್ಮದು ಅಂತ ಇಡ್ರಿ. ಯಾರಿಗ್ ತಿಳೀತದ?" ಎಂದರು.

"ನನಗೆ ತಿಳಿಯುತ್ತಲ್ಲ," ಎಂದೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಆರು ವರ್ಷ ಕಾದದ್ದು ಇನ್ನೊಬ್ಬರ ನಾಣ್ಯಕ್ಕಲ್ಲ.

ಭಾನುವಾರ ಎರಡೂವರೆ ಗಂಟೆಯ ದಾರಿ ಸವೆಸಿ, ಆಸ್ಟಿನ್ನಿನ ಪಾರ್ಕೊಂದರ ಶೆಡ್ಡಿನಲ್ಲಿ ಗುಂಪನ್ನು ಸೇರಿದೆವು. ಮೇಜಿನ ಮೇಲೆ ಬೋರ್ಡು, ಸುತ್ತ ಇಪ್ಪತ್ತು ಜನ. ಹಿರಿಯ ಮಾರ್ಟಿನ್ ನಿವೃತ್ತ ಅಂಚೆಯವರು. ನಾಣ್ಯಗಳನ್ನು ಏರಿಸುವುದು ಅವರೇ. ನನ್ನದನ್ನು ಬೆಳಕಿಗೆ ಹಿಡಿದು, ತೊಳೆದಿದ್ದೀಯಾ ಎಂದು ಕೇಳಿದರು. ಹೌದು, ಹುಣಸೆಹಣ್ಣಿನಲ್ಲಿ ಎಂದೆ. ಯಾರೋ ಕಿಸಕ್ಕೆಂದರು. ಹಾಳಾದ ನಾಣ್ಯ ಬೋರ್ಡಿಗೆ ಬರುವುದಿಲ್ಲ ಎಂದು ಮಾರ್ಟಿನ್ ಅದನ್ನು ನನ್ನ ಅಂಗೈಗೆ ಹಾಕಿದರು.

ನಾನು ಕೈ ಹಿಂದೆ ತೆಗೆಯಲಿಲ್ಲ. "ಯಾವ ನಿಯಮ? ಎಲ್ಲಿ ಬರೆದಿದೆ?" ಎಂದು ಕೇಳಿದೆ. ಗುಂಪಿನ ನಿಯಮದ ಹಾಳೆ ಅದೇ ಮೇಜಿನ ಮೇಲಿತ್ತು. ಜೋರಾಗಿ ಓದಿದೆ: ಒಪ್ಪಿಗೆ ಪಡೆಯಬೇಕು, ಗುಂಡಿ ಮುಚ್ಚಬೇಕು, ಕಸ ಒಯ್ಯಬೇಕು, ತಾನೇ ಹುಡುಕಿದ್ದನ್ನು ಮಾತ್ರ ತರಬೇಕು. ತೊಳೆಯಬಾರದೆಂಬುದು ಮಾರುವವರ ನಿಯಮ. ನಾನು ಮಾರಲು ಬಂದಿಲ್ಲ ಎಂದೆ. ಬೇಕಾದರೆ ಈಗಲೇ ಹೊಸ ನಿಯಮ ಬರೆದು ಇವತ್ತಿನ ತಾರೀಖು ಹಾಕಿ, ನಾಳೆಯಿಂದ ನಾನೂ ಪಾಲಿಸುತ್ತೇನೆ ಎಂದೂ ಸೇರಿಸಿದೆ. ಇಂಗ್ಲಿಷಿನಲ್ಲಿ ಅಷ್ಟು ದೊಡ್ಡ ದನಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ಹಾಳೆಯನ್ನು ಮಾರ್ಟಿನ್ ಕಡೆ ಚಾಚಿದೆ. ಕುಲಕರ್ಣಿಯವರು ಬಂದು ಪಕ್ಕದಲ್ಲಿ ನಿಂತರು.

ಮಾರ್ಟಿನ್ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಕೊನೆಗೆ, ಸರಿ, ಆದರೆ ನಾಣ್ಯದ ಕೆಳಗಿನ ಚೀಟಿಯಲ್ಲಿ ತೊಳೆದದ್ದು ಎಂದು ಬರೆಯಲೇಬೇಕು ಎಂದು ಸಣ್ಣ ಪೆನ್ಸಿಲ್ ಚಾಚಿದರು. ನಾನು ದಪ್ಪ ಮಾರ್ಕರ್ ಕೇಳಿ ತೆಗೆದುಕೊಂಡೆ.

ಕ್ಯಾರಲ್ಟನ್ನಿಗೆ ಇನ್ನೂ ಮೂರೂವರೆ ಗಂಟೆಯ ದಾರಿಯಿತ್ತು. ಹೊರಡುವ ಮುನ್ನ ಶೆಡ್ಡಿನ ಕಡೆ ತಿರುಗಿ ನೋಡಿದೆ. ಕಂದು, ಕಪ್ಪು, ಹಸಿರು ನಾಣ್ಯಗಳ ನಡುವೆ ನನ್ನದೊಂದೇ ಕೆಂಪಗೆ ಹೊಳೆಯುತ್ತಿತ್ತು. ಅದರ ಕೆಳಗೆ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ದೂರಕ್ಕೂ ಕಾಣುವ ಅಕ್ಷರದಲ್ಲಿ ನಾನು ಬರೆದದ್ದು ಇತ್ತು: "ಹುಡುಕಿದವಳು ವತ್ಸಲಾ. ತೊಳೆದವಳೂ ವತ್ಸಲಾ."