ಅಗಸೆ ಎಣ್ಣೆಯ ಬ್ಯಾಟು

ಅಕ್ಟೋಬರಿನಲ್ಲಿ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ವಾರ, ಡಿಡ್ಸ್‌ಬರಿಯ ನನ್ನ ಮನೆಯಲ್ಲಿ ಆ ಚಳಿಗಾಲದ ಮೊದಲ ಹೀಟಿಂಗ್ ಹಾಕುತ್ತೇನೆ. ಪೈಪುಗಳು ಟಕ್ ಟಕ್ ಎನ್ನುತ್ತ ಬಿಸಿಯಾಗುತ್ತವೆ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕೆಳಗಿನ ಕಪಾಟಿನಿಂದ ಅಗಸೆ ಎಣ್ಣೆಯ ವಾಸನೆ ಮೆಲ್ಲಗೆ ಹೊರಗೆ ಬರುತ್ತದೆ. ಒಂದಿಷ್ಟು ಒಣಹುಲ್ಲಿನದು, ಒಂದಿಷ್ಟು ಹಳೇ ಬಣ್ಣದ ಡಬ್ಬದ್ದು, ಒಂದಿಷ್ಟು ಹುರಿದ ಕಾಳಿನದು. ನನ್ನ ಗಂಡ ಪ್ರತಿ ವರ್ಷವೂ ಮೂಗು ಅರಳಿಸಿ, "ಏನೋ ಲೀಕ್ ಆಗ್ತಿದೆ ನೋಡು" ಎನ್ನುತ್ತಾನೆ. ಅದು ಕ್ರಿಕೆಟ್ ಬ್ಯಾಟಿನ ವಾಸನೆ ಎಂದು ಹೋದ ವರ್ಷ ಹೇಳಿದ್ದು ಪುಣ್ಯಾತ್ಮನಿಗೆ ಈ ವರ್ಷ ನೆನಪಿರುವುದಿಲ್ಲ. ನಾನೂ ಹೇಳಲು ಹೋಗುವುದಿಲ್ಲ, ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತೇನೆ. ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇಂಥದೊಂದು ಕಪಾಟು ಇದ್ದೇ ಇರುತ್ತದೆ. ಅದರ ಬಾಗಿಲು ತೆಗೆಯುವ ಮುಂಚೆ ಕೂರಬೇಕಾಗುತ್ತದೆ ಎನ್ನುವುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಆ ವಾಸನೆ ಹುಟ್ಟಿದ್ದು ಕೊವೆಂಟ್ರಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ. ಮೈಸೂರಿನಲ್ಲಿ ಎರಡನೇ ಕ್ಲಾಸು ಮುಗಿಸಿ ನಾನು ಆ ಮನೆಗೆ ಬಂದಾಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಅಪ್ಪ ಕಾರು ಕಂಪನಿಯಲ್ಲಿ ಇಂಜಿನಿಯರು. ಕಾರಿನ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುವಂತೆ ಮಾಡುವುದು ಅವರ ಕೆಲಸ. ಆದರೆ ನಮ್ಮ ಮನೆಯಲ್ಲಿ ನೆಟ್ಟಗೆ ಮುಚ್ಚುವ ಬಾಗಿಲು ಒಂದೂ ಇರಲಿಲ್ಲ. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ, ಅಲ್ಲಿ ನಮ್ಮ ಭಾನುವಾರದ ಟೀಮಿನ ಕಿಟ್ಟು ಇರುತ್ತಿತ್ತು. ಆ ಊರಿನ ಕನ್ನಡದವರು, ಅವರ ಆಫೀಸಿನ ನಾಲ್ಕಾರು ಸ್ನೇಹಿತರು ಸೇರಿ ಕಟ್ಟಿದ ಟೀಮು ಅದು. ಅಪ್ಪ ಅದರ ಕ್ಯಾಪ್ಟನ್. ಅಪ್ಪನ ಜೀವದ ಗೆಳೆಯ ಶ್ರೀಪಾದ ಕಾಕಾ ಅದರ ನಾಲ್ಕನೇ ನಂಬರಿನ ಬ್ಯಾಟ್ಸ್‌ಮನ್. ಕಾಕಾ ಧಾರವಾಡದವರು, ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ಮಕ್ಕಳಿರಲಿಲ್ಲ. ಕಾಕಾ ಮತ್ತು ಅವರ ಹೆಂಡತಿ ಕಾಕು ನನ್ನನ್ನು ಅರ್ಧ ಪಾಲು ತಮ್ಮವಳೆಂದೇ ತಿಳಿದುಕೊಂಡಿದ್ದರು, ನಾನೂ ಹಾಗೇ ಅಂದುಕೊಂಡು ಬೆಳೆದೆ.

ಬೇರೆಯವರಿಗೆ ಕ್ರಿಕೆಟ್ ಅಂದರೆ ಬೇಸಿಗೆ. ನಮ್ಮ ಮನೆಯಲ್ಲಿ ನಿಜವಾದ ಕ್ರಿಕೆಟ್ ಶುರುವಾಗುತ್ತಿದ್ದದ್ದು ಆಟ ನಿಂತ ಮೇಲೆ. ನಾಲ್ಕು ಗಂಟೆಗೇ ಕತ್ತಲಾಗುವ ಭಾನುವಾರಗಳಲ್ಲಿ, ಆಸ್ಪತ್ರೆಯ ಡ್ಯೂಟಿ ರೋಟಾದಲ್ಲಿ ಹೆಸರಿಲ್ಲದ ದಿನ, ಕಾಕಾ ಮಧ್ಯಾಹ್ನದ ಊಟಕ್ಕೆ ಬಂದು ಗ್ಯಾರೇಜು ಸೇರಿಬಿಡುತ್ತಿದ್ದರು. ಬ್ಯಾಟುಗಳನ್ನು ಒಂದೊಂದಾಗಿ ಬಟ್ಟೆಯಿಂದ ಒರೆಸಿ, ಅಂಗೈಗೆ ನಾಲ್ಕು ಹನಿ ಅಗಸೆ ಎಣ್ಣೆ ಬಿಟ್ಟುಕೊಂಡು, ಹಸುಗೂಸಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕಿ, ಎರಡು ಬಣ್ಣದ ಡಬ್ಬಗಳ ಮೇಲೆ ಅಡ್ಡ ಮಲಗಿಸುತ್ತಿದ್ದರು. ಹಿಡಿ ಕೂಡುವ ಕಡೆ ಎಣ್ಣೆ ತಾಗಬಾರದು, ಅಂಟು ಬಿಡುತ್ತದೆ. ಹೆಚ್ಚು ಹಚ್ಚಬಾರದು, ಮರ ಎಣ್ಣೆ ಹೀರಿ ಭಾರವಾಗಿ ಸತ್ತುಹೋಗುತ್ತದೆ, ಆಮೇಲೆ ಚೆಂಡು ತಾಗಿದರೆ ಟಕ್ಕೆನ್ನುವುದಿಲ್ಲ, ದಬ್ಬೆನ್ನುತ್ತದೆ. ಇದನ್ನು ಕಾಕಾ ನನಗೆ ಎಷ್ಟು ಸಲ ಹೇಳಿದ್ದರೋ. ಒಳಗೆ ಅಡುಗೆಮನೆಯಲ್ಲಿ ಕಾಕು ರೊಟ್ಟಿಯ ಜೊತೆಗೆ ತಂದ ಅಗಸೆ ಹಿಂಡಿಯ ಡಬ್ಬ ತೆರೆಯುತ್ತಿದ್ದರು. ಹುರಿದ ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿದ ಆ ಪುಡಿಯ ಘಮ ಅತ್ತಲಿಂದ, ಎಣ್ಣೆಯ ವಾಸನೆ ಇತ್ತಲಿಂದ ಬಂದು ಹಜಾರದಲ್ಲಿ ಸೇರುತ್ತಿದ್ದವು. "ಬ್ಯಾಟಿಗೂ ಅಗಸಿ, ಹೊಟ್ಟಿಗೂ ಅಗಸಿ. ಇನ್ನೇನ ಬೇಕೋ ನಾಗೂ ಮನಷ್ಯಾಗ?" ಎಂದು ಕಾಕಾ ಅಪ್ಪನನ್ನು ಕೇಳುತ್ತಿದ್ದರು. ಆಮೇಲೆ ಇಬ್ಬರೂ ಕಳೆದ ಬೇಸಿಗೆಯ ಒಂದೊಂದು ಮ್ಯಾಚನ್ನೂ ಮತ್ತೆ ಆಡುತ್ತಿದ್ದರು. ಕೈಬಿಟ್ಟ ಕ್ಯಾಚು, ಓಡಬಾರದಿದ್ದ ರನ್ನು, ಮಳೆಯಲ್ಲಿ ಕೊಚ್ಚಿಹೋದ ಗೆಲುವು. ಬೇಸಿಗೆಯಲ್ಲಿ ಸೋತ ಎಷ್ಟೋ ಮ್ಯಾಚುಗಳನ್ನು ನಮ್ಮ ಗ್ಯಾರೇಜಿನಲ್ಲಿ ಗೆದ್ದಿದ್ದೇವೆ.

ನನಗೆ ಹನ್ನೊಂದಾದ ವರ್ಷದ ಸೆಪ್ಟೆಂಬರಿನಲ್ಲಿ ಕೊನೆಯ ಮ್ಯಾಚು ಗೆದ್ದರೆ ನಮ್ಮವರು ಮೇಲಿನ ಡಿವಿಷನ್ನಿಗೆ ಹೋಗುತ್ತಿದ್ದರು. ಎದುರಾಳಿಗಳು ಪಕ್ಕದ ಹಳ್ಳಿಯ ಟೀಮಿನವರು. ಇಂಥ ಮ್ಯಾಚುಗಳಿಗೆ ಹೊರಗಿನ ಅಂಪೈರ್ ಇರುವುದಿಲ್ಲ. ಬ್ಯಾಟಿಂಗ್ ಮಾಡುತ್ತಿರುವ ಟೀಮಿನಲ್ಲೇ ಔಟಾಗಿ ಬಂದವರು ಬಿಳಿ ಕೋಟು ಏರಿಸಿಕೊಂಡು ಹೋಗಿ ನಿಲ್ಲಬೇಕು. ತಮ್ಮವರನ್ನು ತಾವೇ ಔಟ್ ಕೊಡಬೇಕು. ಅವತ್ತು ಎದುರಾಳಿಗಳು ಮೊದಲು ಆಡಿ ಮುಗಿಸಿ, ನಮ್ಮವರು ಇಳಿಯುವ ಮುಂಚೆ ಟೀ ಇತ್ತು. ನಾನು ಸಮೋಸದ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಅವರ ಪೈಕಿ ಒಬ್ಬ ಹಿರಿಯ, ನಾನಿಲ್ಲವೇ ಇಲ್ಲ ಎನ್ನುವ ಹಾಗೆ, ಪಕ್ಕದವನಿಗೆ ಹೇಳಿದ: ಇನ್ನು ಸಂಜೆವರೆಗೂ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ, ಇವರ ಅಂಪೈರು ಇವರ ಜನವನ್ನು ಯಾವತ್ತು ಔಟ್ ಕೊಟ್ಟಿದ್ದಾನೆ. ಇಬ್ಬರೂ ನಕ್ಕರು. ಅಪ್ಪ ನನ್ನ ಹಿಂದೆಯೇ ನಿಂತಿದ್ದರು. ಕೇಳಿಸಿತೆಂದು ಅವರ ಕಿವಿ ಕೆಂಪಾದದ್ದರಿಂದಲೇ ಗೊತ್ತಾಯಿತು. ಆದರೂ ಮುಗುಳ್ನಕ್ಕು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಆ ಹಿರಿಯನಿಗೇ ಇನ್ನೊಂದು ಸಮೋಸ ಕೊಟ್ಟರು. ನಮ್ಮಪ್ಪ ಅಂಥವರು. ಈಗ ನೆನೆದರೆ ಸಿಟ್ಟು ಬರುತ್ತದೆ, ಆ ತಟ್ಟೆಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು.

ಅಪ್ಪ ಬೇಗ ಔಟಾಗಿ ಬಂದು ಕೋಟು ಹಾಕಿಕೊಂಡರು. ಕಾಕಾ ಅವತ್ತು ಯಾರಿಗೂ ಬಗ್ಗಲಿಲ್ಲ. ಜೀವಮಾನದಲ್ಲಿ ಒಮ್ಮೆಯೂ ಅರ್ಧ ಶತಕ ಹೊಡೆಯದ ಮನುಷ್ಯ, ಐವತ್ತಕ್ಕೆ ಎರಡೇ ರನ್ನು ಬಾಕಿ. ಕಾಕು ಮಡಿಲಲ್ಲಿದ್ದ ಸ್ವೆಟರ್ ಹೆಣಿಗೆ ಕೆಳಗಿಟ್ಟು ಎದ್ದು ನಿಂತಿದ್ದರು. ಆಗ ಒಂದು ಚೆಂಡು ಕಾಕಾನ ಪ್ಯಾಡಿಗೆ ಬಡಿಯಿತು. ಹನ್ನೊಂದು ಜನವೂ ಒಟ್ಟಿಗೆ ಕೂಗಿದರು. ಕೂಗು ಮುಗಿಯುವುದಕ್ಕೂ ಮುಂಚೆ ಅಪ್ಪನ ಬೆರಳು ಮೇಲಕ್ಕೆ ಹೋಗಿತ್ತು. ಕಾಕಾ ಅಲ್ಲೇ ನಿಂತು ಅಪ್ಪನನ್ನು ನೋಡಿದರು. ಸಿಟ್ಟಿನಿಂದಲ್ಲ, ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದುಬಂದರು. ಉಳಿದವರು ಸ್ವಲ್ಪದರಲ್ಲೇ ಮುಗಿದರು, ನಾವು ಸೋತೆವು. ಎದುರಾಳಿ ಕ್ಯಾಪ್ಟನ್ ಹುಡುಕಿಕೊಂಡು ಬಂದು ಅಪ್ಪನ ಕೈ ಕುಲುಕಿ, ನಿಮ್ಮಂಥ ಪ್ರಾಮಾಣಿಕರು ಸಿಗುವುದು ಅಪರೂಪ ಎಂದ. ಅಪ್ಪನ ಮುಖ ಅರಳಿತು. ಪ್ಯಾಡು ಬಿಚ್ಚುತ್ತಿದ್ದ ಕಾಕಾ ಅದನ್ನು ನೋಡಿದರು.

ಆದರೂ ಚಳಿಗಾಲ ಎಂದಿನಂತೆಯೇ ಶುರುವಾಯಿತು. ಕಾಕಾ ಬಂದರು, ಎಣ್ಣೆ ಹಚ್ಚಿದರು, ರೊಟ್ಟಿ ತಿಂದರು. ಅಡುಗೆಮನೆಯ ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ ಸ್ಟಂಪಾಯಿತು, ಸೌಟು ಕಾಕಾನ ಕಾಲಾಯಿತು, ನಿಂಬೆಹಣ್ಣು ಚೆಂಡಾಯಿತು. ಅಪ್ಪ ನಿಂಬೆಹಣ್ಣನ್ನು ಉಪ್ಪಿನ ಡಬ್ಬಿಯ ಎದುರಿಗೆ ಇಡುವರು, ಕಾಕಾ ಅದನ್ನು ನಾಲ್ಕು ಬೆರಳು ಆಚೆ ಸರಿಸುವರು. ಮೊದಲ ವಾರಗಳಲ್ಲಿ ನಗು ಇತ್ತು. ಅಮ್ಮ, "ನಿಮ್ಮ ಎಲ್‌ಬಿಡಬ್ಲ್ಯು ಮುಗಿದ್ರೆ ನನ್ನ ನಿಂಬೆಹಣ್ಣು ಕೊಡಿ, ಚಿತ್ರಾನ್ನಕ್ಕೆ ಬೇಕು" ಎಂದು ರೇಗಿಸುತ್ತಿದ್ದಳು. ಬರಬರುತ್ತಾ ಹಣ್ಣನ್ನು ಇಡುವ ಸದ್ದು ಜೋರಾಯಿತು. ಆಟ ನಡೆಯುವ ಕಾಲವಾಗಿದ್ದರೆ ಮುಂದಿನ ಭಾನುವಾರ ಇನ್ನೊಂದು ಮ್ಯಾಚು ಬಂದು ಇದನ್ನು ತಳ್ಳಿಬಿಡುತ್ತಿತ್ತು. ಚಳಿಗಾಲದಲ್ಲಿ ಮುಂದಿನ ಮ್ಯಾಚೇ ಇಲ್ಲ. ಆ ಒಂದು ಚೆಂಡೇ ನಮ್ಮ ಮನೆಯಲ್ಲಿ ವಾರ ವಾರವೂ ಬಂದು ಬೀಳುತ್ತಿತ್ತು.

ನವೆಂಬರಿನ ಒಂದು ಭಾನುವಾರ ಕಾಕಾ ನಿಂಬೆಹಣ್ಣನ್ನು ಮುಟ್ಟಲಿಲ್ಲ. "ಔಟ್ ಅಂದ್ರ ಔಟ್, ಅದನ್ನ ಬಿಟ್ಟಬಿಡು. ಒಂದ ಮಾತ ಖರೇ ಹೇಳು, ನಾಗೂ. ನೀ ಚೆಂಡ ನೋಡಿ ಕೊಟ್ಟೀಯೋ, ಅವರನ್ನ ನೋಡಿ ಕೊಟ್ಟೀಯೋ?" ಎಂದು ಮೆಲ್ಲಗೆ ಕೇಳಿದರು. ಅಪ್ಪ, "ಚೆಂಡು ನೋಡ್ದೇನೇ ಯಾರಾದ್ರೂ ಕೊಡ್ತಾರೇನೋ" ಎಂದರು. ಅಪ್ಪ ಸೌಟನ್ನು ತೆಗೆದು ಅದರ ಜಾಗಕ್ಕೆ ನೇತುಹಾಕಿದರು. "ಆತು ಬಿಡು" ಎಂದು ಕಾಕಾ ಎದ್ದರು. ಕಾಕು ಅವಸರದಲ್ಲಿ ಕೋಟು ಹಾಕಿಕೊಂಡರು. ಹಿಂಡಿಯ ಡಬ್ಬ ಟೇಬಲ್ಲಿನ ಮೇಲೆ, ಕಾಕಾನ ಬ್ಯಾಟು ಗ್ಯಾರೇಜಿನ ಡಬ್ಬಗಳ ಮೇಲೆ ಉಳಿದವು. ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಅಮ್ಮ ಫೋನು ಮಾಡಿದರೆ ಕಾಕು ಚೆನ್ನಾಗಿಯೇ ಮಾತಾಡುತ್ತಿದ್ದರು, ರೋಟಾ ಭಾಳ ಕಷ್ಟ ಐತ್ರಿ ಎನ್ನುತ್ತಿದ್ದರು. ಗಂಡಸರಿಬ್ಬರೂ ರಿಸೀವರ್ ಮುಟ್ಟಲಿಲ್ಲ. ಮುಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಪ್ಪ ಒಬ್ಬರೇ ಗ್ಯಾರೇಜಿಗೆ ಹೋಗುತ್ತಿದ್ದರು. ಬೇರೆ ಬ್ಯಾಟುಗಳೆಲ್ಲ ಚೀಲ ಸೇರಿದ್ದವು. ಕಾಕಾನ ಬ್ಯಾಟು ಮಾತ್ರ ಡಬ್ಬಗಳ ಮೇಲಿತ್ತು. ಅಪ್ಪ ಅದನ್ನು ಒರೆಸಿ, ಅಂಗೈಗೆ ಎಣ್ಣೆ ಬಿಟ್ಟುಕೊಂಡು ತಿಕ್ಕುತ್ತಿದ್ದರು. ಮರುವಾರ ಮತ್ತೆ. ಅದರ ಮರುವಾರ ಮತ್ತೆ. ಹೋದ ವಾರ ತಾನೇ ಹಚ್ಚಿದಿರಲ್ಲ, ಕಾಕಾ ಬೈತಾರೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಗೆಲ್ಲ ನಾನು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವಳು. ಈಗ ಕನ್ನಡದಲ್ಲಿ ಹೇಳೋಣವೆಂದರೆ ಕೇಳಬೇಕಾದವರು ಇಲ್ಲ. "ಇರ್ಲಿ ಬಿಡು ಪುಟ್ಟಿ, ಚಳೀಗೆ ಮರ ಒಣಗತ್ತೆ" ಎಂದರು ಅಪ್ಪ. ಮರದ ಬಿಳುಪು ಹೋಗಿ ಜೇನಿನ ಬಣ್ಣ ಬಂತು, ಆಮೇಲೆ ಅದೂ ಹೋಗಿ ಕಂದಾಯಿತು.

ಯುಗಾದಿಗೆ ಮುಂಚಿನ ವಾರ ಕಾಕಾ, ಕಾಕು ಬಂದರು. ಲೀಡ್ಸಿನ ಆಸ್ಪತ್ರೆಯಲ್ಲಿ ಕಾಕಾಗೆ ಕೆಲಸ ಸಿಕ್ಕಿತ್ತು, ಹೇಳಿಹೋಗಲು ಬಂದಿದ್ದರು. ಕಾಫಿ ಕುಡಿದರು. ಅಮ್ಮ ಕಾಕುಗೆ ಕುಂಕುಮ ಕೊಟ್ಟಳು. ಅಪ್ಪ ಗ್ಯಾರೇಜಿನಿಂದ ಬ್ಯಾಟು ತಂದುಕೊಟ್ಟರು. ಕಾಕಾ ಅದನ್ನು ಹಿಡಿದ ತಕ್ಷಣ ಅವರ ಕೈ ಕೆಳಕ್ಕೆ ಜಗ್ಗಿತು. ಬೆರಳ ಗೆಣ್ಣಿನಿಂದ ಅದರ ಮುಖವನ್ನು ತಟ್ಟಿ ನೋಡಿದರು. ದಬ್ಬೆಂದಿತು. ಅಪ್ಪ ನೆಲ ನೋಡುತ್ತಿದ್ದರು. "ಎಷ್ಟ ಎಣ್ಣಿ ಹಚ್ಚೀಯೋ ಮಾರಾಯಾ" ಎಂದರು ಕಾಕಾ. ಆ ಒಂದು ಗಳಿಗೆಯಲ್ಲಿ ಅಪ್ಪ ಹೇಳಿಬಿಡಬಹುದಿತ್ತು, ನಾನು ಸ್ಪಷ್ಟವಾಗಿ ಕಂಡೆ, ಮಾತು ಅವರ ತುಟಿಯವರೆಗೂ ಬಂದಿತ್ತು. ಆದರೆ ಅವರು ಹೇಳಿದ್ದು, "ಎಂ ವನ್ ಮೇಲೆ ರೋಡ್ ವರ್ಕ್ ಇದೆಯಂತೆ, ಬೇಗ ಹೊರಡಿ" ಎಂದು.

ಆಮೇಲೆ ಏಳೆಂಟು ವರ್ಷ ದೀಪಾವಳಿಗೆ ಫೋನು, ಹೊಸ ವರ್ಷಕ್ಕೆ ಕಾರ್ಡು, ಅದೂ ಹೆಂಗಸರ ನಡುವೆ. ಟೀಮು ಒಂದೆರಡು ವರ್ಷ ಕುಂಟಿ ನಿಂತಿತು. ಚಳಿಗಾಲದಲ್ಲಿ ಅಪ್ಪ ಬಿಸಿಲಿನ ದೇಶಗಳ ಮ್ಯಾಚನ್ನು ಟೀವಿಯ ಸದ್ದು ತೆಗೆದು ನೋಡುತ್ತಿದ್ದರು. ಯಾವುದಾದರೂ ಅಂಪೈರ್ ಬೆರಳೆತ್ತಿದರೆ ಚಾನೆಲ್ ಬದಲಿಸುತ್ತಿದ್ದರು. ಒಂದು ಫೆಬ್ರವರಿಯಲ್ಲಿ ಕಾಕಾ ಆಸ್ಪತ್ರೆಗೆ ಹೊರಡಲು ಶೂ ಹಾಕಿಕೊಳ್ಳುತ್ತಿದ್ದಾಗಲೇ ಹೃದಯ ನಿಂತು ಹೋಗಿಬಿಟ್ಟರು. ಲೀಡ್ಸಿನಲ್ಲಿ ಎಲ್ಲ ಮುಗಿದ ಮೇಲೆ ಕಾಕು ಒಳಗಿನಿಂದ ಹಳೆಯ ದುಪ್ಪಟಿಯಲ್ಲಿ ಸುತ್ತಿದ ಬ್ಯಾಟನ್ನು ತಂದರು. "ಇದರಲೆ ಒಂದ ದಿನಾನೂ ಆಡಲಿಲ್ಲರಿ ಅವರು. ಆಡಾಕ ಬರೂದಿಲ್ಲ ಅಂತಿದ್ರು. ಆದ್ರ ವರ್ಷಾ ಚಳಿಗಾಲದಾಗ ತಗದು ಒರಸಿ ಇಡೂದ ಮಾತ್ರ ಬಿಡಲಿಲ್ಲ. ನೀವ ತಗೋರಿ" ಎಂದು ಅಪ್ಪನ ಕೈಗೆ ಕೊಟ್ಟರು. ಅಪ್ಪ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕೊವೆಂಟ್ರಿ ತಲುಪುವವರೆಗೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಕಾರು ನಾನು ಓಡಿಸಿದೆ.

ಮರುವಾರ ಮಧ್ಯಾಹ್ನ ಅಡುಗೆಮನೆಗೆ ಹೋದರೆ ಟೇಬಲ್ಲಿನ ಮೇಲೆ ಉಪ್ಪಿನ ಡಬ್ಬಿ, ಸೌಟು. ಅಪ್ಪ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. "ಪುಟ್ಟಿ, ಚೆಂಡು ನಾನು ನೋಡ್ಲೇ ಇಲ್ಲ ಕಣೇ" ಎಂದರು. "ನಾನು ಅವರ ಮುಖ ನೋಡ್ತಾ ನಿಂತಿದ್ದೆ." ನಿಂಬೆಹಣ್ಣನ್ನು ನನ್ನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಮಗುವಿನ ಹಾಗೆ ಅತ್ತರು. ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಕೇಳಬೇಕಾದ ಒಬ್ಬ ಮನುಷ್ಯನನ್ನು ಬಿಟ್ಟು ನಾವೆಲ್ಲ ಆ ಮಾತು ಕೇಳಿಸಿಕೊಂಡೆವು.

ಈಗ ಅಪ್ಪನೂ ಇಲ್ಲ. ಅಮ್ಮ ನನ್ನ ಜೊತೆ ಇದ್ದಾಳೆ. ಕಾಕು ಧಾರವಾಡದಲ್ಲಿ ತಂಗಿಯ ಮನೆ ಸೇರಿದರು. ಕೊವೆಂಟ್ರಿಯ ಮನೆ ಕೊಂಡವರು ಗ್ಯಾರೇಜು ಒಡೆದು ಅಡುಗೆಮನೆ ದೊಡ್ಡದು ಮಾಡಿಕೊಂಡಿದ್ದಾರಂತೆ. ಒಳ್ಳೆಯದು, ಚಳಿಗಾಲಕ್ಕೆ ಬೆಚ್ಚಗಿರುತ್ತದೆ. ಹೀಟಿಂಗ್ ಹಾಕಿದ ಆ ಭಾನುವಾರ ನಾನು ಕಪಾಟಿನ ಬಾಗಿಲು ತೆಗೆದು ದುಪ್ಪಟಿ ಬಿಚ್ಚುತ್ತೇನೆ. ಎರಡೂ ಕೈ ಬೇಕು, ಅಷ್ಟು ಭಾರ. ಒಣಬಟ್ಟೆಯಿಂದ ನಿಧಾನಕ್ಕೆ ಒರೆಸುತ್ತೇನೆ, ಬಟ್ಟೆಗೆ ಇವತ್ತಿಗೂ ಸ್ವಲ್ಪ ಹಳದಿ ಹತ್ತುತ್ತದೆ. ಎಣ್ಣೆ ಹಚ್ಚುವುದಿಲ್ಲ. ಕಾಕಾ ಬೈತಾರೆ.