ಕಾಲು ನೋಡುವ ನಾಗರತ್ನ ಮೇಡಂ

ನಾಗರತ್ನ ಮೇಡಂ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ. ರೆಸಾರ್ಟಿನ ಗಾಜಿನ ಬಾಗಿಲು ಸರಿದು ಅತಿಥಿಗಳು ಒಳಗೆ ಬಂದರೆ ಅವರ ಕಣ್ಣು ಸೀದಾ ಬಂದವರ ಕಾಲಿಗೆ ಹೋಗುತ್ತಿತ್ತು. ಆಮೇಲೆ ನಿಧಾನಕ್ಕೆ ಮೇಲೆ ಹತ್ತಿ, ಮುಖದ ಹತ್ತಿರ ಬಂದಾಗ ನಗುವಾಗುತ್ತಿತ್ತು. "ಆ ಹಿರೇರು ಹಿಮ್ಮಡಿ ಎತ್ತಿಕೊಂಡು ನಿಂತಾರೆ ನೋಡು, ಬೂಟು ಕಚ್ಚೈತೆ. ಮೆಟ್ಲು ಹತ್ತಾಕೆ ಆಗಲ್ಲ, ಕೆಳಗಿನ ರೂಮೇ ಕೊಡು" ಎಂದು ನನ್ನ ಕಿವಿಯಲ್ಲಿ ಉಸುರುವರು. ಅವರ ಲೆಕ್ಕ ತಪ್ಪಿದ್ದನ್ನು ನಾನು ಕಂಡಿದ್ದು ಒಂದೇ ಸಲ. ಅವತ್ತು ಬಂದಿದ್ದ ಆಸಾಮಿ ತನ್ನ ತಮ್ಮನ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ.

ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮುಗಿಯಬೇಕಾದರೆ ಮೂರು ತಿಂಗಳು ಇಂಟರ್ನ್‌ಶಿಪ್ ಮಾಡಲೇಬೇಕಿತ್ತು. ಚನ್ನಗಿರಿ ದಾಟಿ ಒಂದಿಷ್ಟು ದೂರದಲ್ಲಿ ಹೊಸದಾಗಿ ಎದ್ದಿದ್ದ ಥೀಮ್ ಪಾರ್ಕಿನ ರೆಸಾರ್ಟಿನಲ್ಲಿ, ಅದೂ ಫ್ರಂಟ್ ಡೆಸ್ಕಿನಲ್ಲೇ ನನಗೆ ಜಾಗ ಸಿಕ್ಕಿತು. ಸುದ್ದಿ ಬಂದಾಗ ನಾನು ಉಣ್ಣುವ ತಟ್ಟೆ ಬಿಟ್ಟು ಎದ್ದು ಕುಣಿದೆ. ಅಲೆಗಳನ್ನು ಟೀವಿಯಲ್ಲಷ್ಟೇ ನೋಡಿದವಳು ನಾನು. ಅಲ್ಲಿ ಗಂಟೆಗೊಮ್ಮೆ ಸೈರನ್ ಕೂಗುತ್ತಿತ್ತು. ಕೂಗಿದ್ದೇ ತಡ, ಅಜ್ಜಿ ಮೊಮ್ಮಕ್ಕಳೆನ್ನದೆ ಎಲ್ಲರೂ "ಹೋ" ಎನ್ನುತ್ತ ಅಲೆಯೇಳುವ ಕೊಳಕ್ಕೆ ಓಡುವರು. ಕೌಂಟರಿನ ಹಿಂದೆ ನನ್ನ ಹಿಮ್ಮಡಿಯೂ ತಾನಾಗಿ ಏಳುತ್ತಿತ್ತು. "ನೀನೂ ಓಡ್ತೀಯೇನವ್ವ?" ಎಂದು ಮೇಡಂ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಕೇಳುವರು.

ಮೇಡಂ ನ್ಯಾಮತಿಯವರು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ನೀಲಿ ಸೀರೆಯ ಸಮವಸ್ತ್ರ, ಕಾಲಿಗೆ ಬಿಗಿಯಾದ ಕರಿ ಬೂಟು. ಕೌಂಟರಿನ ಹಿಂದೆ ಒಂದು ಕುರ್ಚಿಯಿತ್ತು. ಅದರ ಮೇಲೆ ಅವರು ಶೇಂಗಾ-ಬೆಲ್ಲದ ಸ್ಟೀಲ್ ಡಬ್ಬಿ ಇಟ್ಟಿದ್ದರೇ ಹೊರತು ಒಂದು ದಿನವೂ ಕೂತವರಲ್ಲ. ಡಬ್ಬಿ ಇದ್ದದ್ದು ಅತಿಥಿಗಳ ಮಕ್ಕಳಿಗೆ ಎಂದು ಹೆಸರು, ಅರ್ಧ ಖಾಲಿ ಮಾಡುತ್ತಿದ್ದವಳು ನಾನು. ಮೂರು ತಿಂಗಳಾದ ಮೇಲೆ ನಾನು ಫ್ರಂಟ್ ಡೆಸ್ಕಿಗೆ ಲಾಯಕ್ಕೋ ಅಲ್ಲವೋ ಎಂದು ಬರೆಯುವವರೂ ಅವರೇ. ಲಾಯಕ್ಕು ಎಂದರೆ ಅಲ್ಲೇ ನೌಕರಿ. ಅಲ್ಲ ಎಂದರೆ ಸೊಕ್ಕೆಯ ಬಸ್ಸು.

ಮೊದಲ ದಿನ ಇಂಗ್ಲಿಷಿನಲ್ಲಿ ಸ್ವಾಗತ ಹೇಳಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಕಾರಿನಿಂದ ಒಂದು ಕುಟುಂಬ ಇಳಿದು ಬೆವರೊರೆಸುತ್ತ ಒಳಗೆ ಬಂದದ್ದು ಕಂಡು, ಬಾಯಿಪಾಠ ಗಾಳಿಗೆ ಹಾರಿ, "ಬರ್ರಿ ಬರ್ರಿ, ಬಿಸಿಲಾಗೆ ಬಂದೀರಿ, ಮೊದ್ಲು ನೀರು ಕುಡೀರಿ!" ಎಂದು ಹೊಲದ ಆಚೆಯವರನ್ನು ಕರೆದಂತೆ ಕೂಗಿಬಿಟ್ಟೆ. ಬ್ಯಾಗು ಹೊರುವವರೆಲ್ಲ ಕಿಸಕ್ಕನೆ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ನಗಲಿಲ್ಲ.

"ಅದನ್ನೇ ಹೇಳವ್ವ, ಚಲೋ ಐತೆ. ದನಿ ಒಂದು ಗೇಣು ಇಳಿಸು ಅಷ್ಟೇ" ಎಂದರು. ಆಮೇಲೆ ಕೌಂಟರಿನ ಕಲ್ಲಿನ ಮೇಲೆ ಅಂಗೈ ಇಟ್ಟು, "ಇದು ಮನೆ ಹೊಸ್ಲು ಇದ್ದಂಗೆ. ಕರೆಯಾಕೆ ನಿಂಗೆ ಬರ್ತೈತೆ. ನಿಲ್ಲಿಸಾಕೆ ಬರ್ತೈತೋ ಇಲ್ಲೋ ನೋಡಾಣ" ಎಂದರು.

ಬರುವುದಿಲ್ಲ ಎಂಬುದು ಎರಡನೇ ತಿಂಗಳಲ್ಲಿ ಊರಿಗೇ ಗೊತ್ತಾಯಿತು.

ಹೊನ್ನಾಳಿಯ ವರ, ಬಸವಾಪಟ್ಟಣದ ವಧು. ಮದುವೆಯಾಗಿ ಹತ್ತು ದಿನವಾಗಿತ್ತು. ಎರಡೂ ಕಡೆಯ ನೆಂಟರು ಒಂದು ಮಿನಿ ಬಸ್ಸು ತುಂಬ ಬಂದು ಇಳಿದರು. ಹೊಸ ಜೋಡಿಗೆ ನೂರಾ ಹನ್ನೆರಡನೇ ರೂಮು. ಅವರಿಬ್ಬರೂ ಅಲೆಯ ಕೊಳಕ್ಕೆ ಹೋದ ಸ್ವಲ್ಪ ಹೊತ್ತಿಗೆ ದಪ್ಪ ಮೀಸೆಯ ಒಬ್ಬ ಯಜಮಾನರು ಕೌಂಟರಿಗೆ ಬಂದರು. ಮೇಡಂ ಊಟಕ್ಕೆ ಹೋಗಿದ್ದರು.

"ನಾನು ಮದುಮಗಳ ಸೋದರಮಾವ ಕಣವ್ವ. ಅವರ ರೂಮಾಗೆ ಒಂದು ಚೀಲ ಇಡಬೇಕಿತ್ತು. ಕೀ ಕೊಡ್ತೀಯಾ?"

"ಯಾವೂರ್ರೀ ನಿಮ್ದು?" ಎಂದೆ ನಾನು. ಅದೊಂದೇ ನಾನು ಮಾಡಿದ ತಪಾಸಣೆ!

"ಬಸವಾಪಟ್ಟಣ. ನಿಂದು? ಸೊಕ್ಕೆನಾ? ಅಯ್ಯೋ ತಾಯಿ, ನಮ್ಮಕ್ಕನ್ನ ಜಗಳೂರು ಕಡೆಗೇ ಕೊಟ್ಟೈತೆ!"

ನಾನು ಬೆಣ್ಣೆಯಂತೆ ಕರಗಿದೆ. ನಮ್ಮ ಓಣಿಯಲ್ಲಿ ಹೊಲಕ್ಕೆ ಹೋಗುವಾಗ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ನೆಂಟರು ಬಂದು ಸಂಬಂಧ ಹೇಳಿದರೆ ಪಕ್ಕದ ಮನೆಯವರು ಒಂದು ಚೊಂಬು ನೀರು ಕೊಟ್ಟು, ಬೀಗದ ಕೈಯನ್ನೂ ಕೊಡುತ್ತಾರೆ. ಕೊಡದಿದ್ದರೆ ಅದು ಮಾನಗೇಡಿತನ. ನಾನೂ ಹಾಗೆಯೇ ನೀರು ಕೊಟ್ಟೆ, ನೂರಾ ಹನ್ನೆರಡರ ಇನ್ನೊಂದು ಕೀ ಕಾರ್ಡನ್ನೂ ಕೊಟ್ಟೆ. ಅರ್ಧ ಗಂಟೆಯಲ್ಲಿ ಅದನ್ನು ಯಾರೋ ಕೌಂಟರಿನ ಮೇಲಿಟ್ಟು ಹೋದರು.

ಆಮೇಲೆ ಬಂದವನು ಮದುಮಗ. ಮೈಗೆ ಟವೆಲ್ಲು, ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ. "ನಮ್ಮ ರೂಮಿನ ಕೀ ಯಾರಿಗೆ ಕೊಟ್ರಿ? ಒಣಗಿದ ಬಟ್ಟೆ ಒಂದೂ ಇಲ್ಲ! ಇವಳ ಬಂಗಾರದ ಬೋರಮಾಳ ಸರ ಇದ್ದ ಚೀಲನೂ ಇಲ್ಲ!" ಎಂದು ಕಿರುಚಿದ. ಬಾಗಿಲ ಮರೆಯಲ್ಲಿ ಮದುಮಗಳು ಒದ್ದೆ ಬಟ್ಟೆಯಲ್ಲಿ ಅಳುತ್ತ ನಿಂತಿದ್ದಳು. ಮ್ಯಾನೇಜರ್ ಓಡಿ ಬಂದು, "ಈ ಹುಡುಗಿನ ಇವತ್ತೇ ಕಳಿಸಿಬಿಡಿ" ಎಂದರು. ಊಟ ಮುಗಿಸಿ ಆಗಷ್ಟೇ ಬಂದಿದ್ದ ಮೇಡಂ ನನ್ನನ್ನು ಕೌಂಟರಿನ ಮುಂದಕ್ಕೆ ನಿಲ್ಲಿಸಿದರು.

"ನೀನೇ ಹೇಳು. ಒಂದಕ್ಷರ ಮುಚ್ಚಿಡಬೇಡ."

ಹೇಳಿದೆ. ನೀರು ಕೊಟ್ಟಿದ್ದನ್ನೂ ಸೇರಿಸಿ ಹೇಳಿದೆ. "ಸೋದರಮಾವನಾ?" ಎಂದು ಮದುಮಗಳು ಅಳು ನಿಲ್ಲಿಸಿದಳು. ಆದರೆ ಮಾವನ ಫೋನು ಎತ್ತುವವರಿಲ್ಲ, ರೂಮಿನಲ್ಲಿ ಆತನಿಲ್ಲ, ಪಾರ್ಕು ತುಂಬ ಜನವೋ ಜನ.

"ಅವರ ಕಾಲಾಗೆ ಏನಿತ್ತು?" ಎಂದು ಮೇಡಂ ಕೇಳಿದರು.

ನಾನು ಕಣ್ಣು ಮುಚ್ಚಿದೆ. ಮುಖ ನೆನಪಾಗಲಿಲ್ಲ, ಮೀಸೆಯೂ ನೆನಪಾಗಲಿಲ್ಲ. ಕಾಲು ನೆನಪಾಯಿತು. "ತೊಗಲಿನ ಮೆಟ್ಟು ಮೇಡಂ. ಹೊಸಾವು. ನಡೆದ್ರೆ ಕಿರ್ ಕಿರ್ ಅಂತಿದ್ವು."

"ಅಂಥಾ ಮೆಟ್ಟು ಹಾಕ್ಕೊಂಡು ನೀರಿಗೆ ಇಳಿಯಾಕೆ ಬಿಡಲ್ಲ. ಸ್ಟ್ಯಾಂಡಿನಾಗೆ ಬಿಟ್ಟಿರ್ತಾರೆ. ಓಡು!"

ಮೂರು ತಿಂಗಳಲ್ಲಿ ನನಗೆ ಓಡಲು ಅಪ್ಪಣೆ ಸಿಕ್ಕಿದ್ದು ಆಗಲೇ. ಸೈರನ್ ಕೂಗುತ್ತಿತ್ತು, ಜನ ಕೊಳದತ್ತ ನುಗ್ಗುತ್ತಿದ್ದರು, ನಾನು ಅವರ ನಡುವೆ ಚಪ್ಪಲಿ ಸ್ಟ್ಯಾಂಡಿಗೆ ನುಗ್ಗಿದೆ. ನೂರಾರು ರಬ್ಬರ್ ಚಪ್ಪಲಿಗಳ ನಡುವೆ ಆ ತೊಗಲಿನ ಮೆಟ್ಟು ಮೀಸೆ ತಿರುವಿಕೊಂಡು ಕೂತಿತ್ತು. ಎರಡನ್ನೂ ಎದೆಗವಚಿಕೊಂಡು ನಿಂತೆ. ಬರಿಗಾಲಲ್ಲಿ ಆ ಬಿಸಿಲಿನ ಕಲ್ಲು ಹಾಸಿನ ಮೇಲೆ ಯಾವ ಸೋದರಮಾವನೂ ಬಹಳ ದೂರ ಹೋಗಲಾರ. ಕೊನೆಗೆ ಮಾವ ಬಂದರು, ಜಾರುಬಂಡಿ ಜಾರಿ ಮೈಯೆಲ್ಲ ತೊಯ್ದು, ಹೊಟ್ಟೆ ಹಿಡಿದುಕೊಂಡು ನಗುತ್ತ.

"ಹೊಸ ಅಳಿಯನಿಗೆ ಒಂದಿಷ್ಟು ಗೇಲಿ ಮಾಡದಿದ್ರೆ ಹೆಂಗವ್ವ? ಚೀಲ ನನ್ನ ಲಾಕರಿನಾಗೆ ಐತೆ. ಸರ ಅದರಾಗಿತ್ತಾ? ಅಯ್ಯಯ್ಯೋ!"

ಸರ ಸಿಕ್ಕಿತು, ಬಟ್ಟೆ ಸಿಕ್ಕಿತು. ಮದುಮಗಳು ಮಾವನ ಬೆನ್ನಿಗೆ ಗುದ್ದಿದಳು, ಮದುಮಗನೂ ನಕ್ಕ. ಮೇಡಂ ನಗಲಿಲ್ಲ. ಮ್ಯಾನೇಜರ್ ಮುಂದೆ ನಿಂತು, "ತಪ್ಪು ಮಾಡಿದ್ದು ಈಕೆ, ಹುಡುಕಿದ್ದೂ ಈಕೆ. ನಾಳೆಯಿಂದ ಕೀ ಈಕೆ ಕೈಯಾಗೇ ಇರ್ಲಿ. ಇನ್ನು ಗುರುತಿನ ಚೀಟಿ ನೋಡದೆ ಯಾರಿಗೂ ಕೊಡಲ್ಲ" ಎಂದರು. ನಾನು ಹಿಂದಕ್ಕೆ ಹೋಗಿ, ಡಬ್ಬಿಯ ಪಕ್ಕ ನಿಂತು, ಮನಸಾರೆ ಅತ್ತೆ.

ಲಾಯಕ್ಕು ಎಂದೇ ಬರೆದರು. ಕೆಲಸ ಅಲ್ಲೇ ಆಯಿತು. ಆದರೆ ವರ್ಷ ಕಳೆಯುವುದರೊಳಗೆ ಮೇಡಂ ಬಿಟ್ಟು ಹೋದರು. ಮಂಡಿ ಮಾತು ಕೇಳುತ್ತಿಲ್ಲ ಎಂದಷ್ಟೇ ಹೇಳಿದರು. ಎಲ್ಲರ ಕಾಲು ನೋಡುತ್ತಿದ್ದ ಅವರ ಕಾಲನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಆ ನಾಚಿಕೆ ನನಗೆ ಈಗಲೂ ಹೋಗಿಲ್ಲ.

ಕಳೆದ ಬೇಸಿಗೆಯಲ್ಲಿ ಗಾಜಿನ ಬಾಗಿಲು ಸರಿಯಿತು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಊದಿಕೊಂಡ ಎರಡು ಪಾದ, ಪಟ್ಟಿ ಸಡಿಲಿಸಿದ ಮೆತ್ತನೆಯ ಚಪ್ಪಲಿ. ಮೇಲೆ ನೋಡಿದರೆ ಮೇಡಂ! ಹಿಂದೆ ಅವರ ಮಗಳು, ಇಬ್ಬರು ಮೊಮ್ಮಕ್ಕಳು. ನನಗೆ ಕೌಂಟರ್ ಹಾರಿ ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು.

"ಮಗಳು ಆಗ್ಲೇ ಬುಕ್ ಮಾಡ್ಯಾಳೆ, ನನ್ನ ಹೆಸರಿಗೆ. ಕೀ ಕೊಡವ್ವ."

"ಗುರುತಿನ ಚೀಟಿ ಮೇಡಂ?"

"ತರಲಿಲ್ಲ ಕಣೆ. ನನ್ನ ಮುಖ ಗೊತ್ತಿಲ್ಲೇನು ನಿಂಗೆ?"

ಪಕ್ಕದಲ್ಲಿದ್ದ ಹೊಸ ಇಂಟರ್ನ್ ಆಗಲೇ ಕಾರ್ಡಿಗೆ ಕೈ ಹಾಕಿದ್ದಳು. ನಾನು ಅವಳ ಕೈ ತಡೆದೆ.

"ಗೊತ್ತೈತ್ರಿ ಮೇಡಂ. ಆದ್ರೂ ಚೀಟಿ ಬೇಕ್ರೀ. ಬಿಸಿಲಾಗೆ ಬಂದೀರಿ, ಮೊದ್ಲು ನೀರು ಕುಡೀರಿ."

ಅವರು ಬ್ಯಾಗಿನ ಜಿಪ್ ಎಳೆದು, ಎಲ್ಲಕ್ಕಿಂತ ಮೇಲೆಯೇ ಇಟ್ಟುಕೊಂಡಿದ್ದ ಚೀಟಿಯನ್ನು ಕೌಂಟರಿನ ಮೇಲಿಟ್ಟರು. ನಾನು ಶೇಂಗಾ-ಬೆಲ್ಲದ ಆ ಹಳೇ ಡಬ್ಬಿ ಎತ್ತಿಟ್ಟು, ಕುರ್ಚಿಯನ್ನು ಹೊರಗೆ ಅವರ ಹತ್ತಿರಕ್ಕೆ ಒಯ್ದೆ. ಬೇಡ ಎನ್ನುತ್ತಾರೆಂದುಕೊಂಡಿದ್ದೆ. ಅವರು ನನ್ನ ತೋಳು ಹಿಡಿದುಕೊಂಡು ಮೆಲ್ಲಗೆ ಕೂತರು.